ವಿಸ್ಟಿನ್ ಎಳೆಯದ ತಂತಿ

"ಇಳಿಸ್ರೀ! ಮೊದ್ಲು ಕೆಳಗಿಳಿಸ್ರೀ, ಬಾಗಿಲಿಗೆ ತಾಗ್ತಿದೆ!"

ಡೋರಿಸ್ ಕೂಗುವಷ್ಟರಲ್ಲಿ ಅಪ್ಪನ ಶವಪೆಟ್ಟಿಗೆಯ ಮೂಲೆ ಬಾಗಿಲಿಗೆ ಬಡಿದಾಗಿತ್ತು. ಹೊತ್ತಿದ್ದ ನಾಲ್ವರು ಏದುಸಿರು ಬಿಡುತ್ತ ಅದನ್ನು ಮತ್ತೆ ಊಟದ ಮೇಜಿನ ಮೇಲಿಟ್ಟರು.

"ನಾಲ್ಕು ಹೆಗಲಿಗೆ ಆಗೋ ಕೆಲ್ಸ ಅಲ್ಲಮ್ಮ ಇದು," ಎಂದ ಶವದ ಗಾಡಿಯವನು. "ಈ ಮೆಟ್ಟಿಲ ತಿರುವಿಗೆ ಆರು ಜನ ಬೇಕೇ ಬೇಕು."

"ಎದುರಿಗೆ ಅಷ್ಟು ಜನ ಕಂಬದ ಹಾಗೆ ನಿಂತಿದಾರಲ್ಲ!" ಡೋರಿಸ್ ಗೊಣಗಿದಳು.

ತಾಯಿ ನೆನಾ ಕಿಟಕಿಯಿಂದ ನೋಡಿದಳು. ರಸ್ತೆಯಾಚೆಯ ಗೋಡೆಗೊರಗಿ ನಿಂತವರು ಕೊಳದವರು. ಕಲ್ಕಾರಾ ಊರಿನ ಕಡಲಂಚಿನಲ್ಲಿ ಸಿನಿಮಾಗಾಗಿ ಕಟ್ಟಿದ ದೊಡ್ಡ ನೀರಿನ ಕೊಳದಲ್ಲಿ ಒಟ್ಟಿಗೆ ದುಡಿದವರು. ತಮ್ಮಲ್ಲಿ ಯಾರು ತೀರಿಕೊಂಡರೂ ಉಳಿದವರೇ ಹೊರಬೇಕೆಂಬುದು ಅವರು ತಾವೇ ಮಾಡಿಕೊಂಡ ಕಟ್ಟಳೆ. ಇವತ್ತೂ ಕಪ್ಪು ಕೋಟು ತೊಟ್ಟು ಬಂದಿದ್ದರು. ಆದರೆ ಒಬ್ಬನೂ ರಸ್ತೆ ದಾಟಲಿಲ್ಲ. ನಡುವೆ ನಿಂತಿದ್ದ ಮೇಸ್ತ್ರಿ ಜಾನ್ನಿಯಂತೂ ಈ ಮನೆಯ ಕಡೆ ತಲೆಯೆತ್ತಿಯೂ ನೋಡಲಿಲ್ಲ.

"ಮೂವತ್ತು ವರ್ಷ ಆಯ್ತಮ್ಮಾ! ಅಪ್ಪ ಒಂದಿನ ಕೆಲಸದಲ್ಲಿ ತೂಕಡಿಸಿದ್ದಕ್ಕೆ ಇನ್ನೂ ಹಲ್ಲು ಕಡೀತಾರಲ್ಲ, ಇವರಿಗೆ ಹೊಟ್ಟೇಲಿ ಕರುಳಿಲ್ವಾ?"

ನೆನಾ ಕಿಟಕಿಯಿಂದ ಹಿಂದೆ ಸರಿದಳು.

*

ಮೂವತ್ತು ವರ್ಷದ ಹಿಂದಿನ ಆ ಸಿನಿಮಾದಲ್ಲಿ ಮುಳುಗಬೇಕಿದ್ದ ಹಡಗು ಹತ್ತು ಮಾರುದ್ದದ ಮಾದರಿ. ನಾಲ್ಕು ತಿಂಗಳ ಕೆಲಸ. ಎರಡನೆಯದೆಂಬುದು ಇರಲಿಲ್ಲ. ಅದರ ತಳದ ಕಿಂಡಿಗಳನ್ನು ತೆರೆಯಲು ನೀರಿನಡಿಯಲ್ಲಿ ಎರಡು ತಂತಿ ಹಾಯಿಸಿದ್ದರು. ಮುಂದಿನದು ಜಾನ್ನಿಯ ಕೈಗೆ, ಹಿಂದಿನದು ನೆನಾಳ ಗಂಡ ವಿಸ್ಟಿನ್ನನ ಕೈಗೆ. ಎರಡನ್ನೂ ಒಟ್ಟಿಗೆ ಎಳೆದರೆ ಹಡಗು ನಿಜವಾದ ಹಡಗಿನಂತೆ ಗಂಭೀರವಾಗಿ ಮುಳುಗಬೇಕು.

ಆ ಮಧ್ಯಾಹ್ನ ನೆನಾ ಟೊಮೆಟೊ ಸವರಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೊಳಕ್ಕೆ ಹೋದಳು. ಹಡಗನ್ನು ನೋಡಿದ್ದೇ ತಡ, ಅಲ್ಲೇ ನಿಂತುಬಿಟ್ಟಳು. ಯುದ್ಧದಲ್ಲಿ ಈ ಊರಿಗೆ ಹಿಟ್ಟು ತರುತ್ತ ಮುಳುಗಿದ ಹಡಗೇ ಅದು. ಅದೇ ಬಣ್ಣ, ಅದೇ ಬಾಗಿದ ಹೊಗೆಕೊಳವೆ. ಅವಳ ಅಣ್ಣ ಸಾಲ್ವು ಅದರ ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದವನು. ಹೆಣವೂ ಸಿಗಲಿಲ್ಲ.

"ನಿನ್ ಕೈಯಿಂದ ಮಾತ್ರ ಬೇಡ," ಎಂದಳು ಗಂಡನಿಗೆ. "ನೀನು ಇದನ್ನ ಮುಳುಗಿಸಿದ್ರೆ, ಸಾಲ್ವು ಆಣೆಗೂ ನಾನು ಮನೇಲಿರಲ್ಲ."

"ಹುಚ್ಚಿ, ಇದು ಹಲಗೆ ಕಣೇ," ಎಂದು ವಿಸ್ಟಿನ್ ನಕ್ಕ. ಬ್ರೆಡ್ಡನ್ನು ಮಾತ್ರ ಮುಟ್ಟಲಿಲ್ಲ.

ಸಿಡಿಮದ್ದು ಸಿಡಿಯಿತು, ಹೊಗೆಯೆದ್ದಿತು, ಕ್ಯಾಮರಾಗಳು ಓಡಿದವು. ಜಾನ್ನಿ ತನ್ನ ತಂತಿ ಎಳೆದ. ವಿಸ್ಟಿನ್ ತನ್ನದನ್ನು ಮುಷ್ಟಿಗೆ ಸುತ್ತಿಕೊಂಡು ಸುಮ್ಮನೆ ನಿಂತುಬಿಟ್ಟ. ಹಡಗು ಮೂಗು ಮುಳುಗಿಸಿ, ಹಿಂಬದಿಯೆತ್ತಿ, ಬಣ್ಣ ಬಳಿಯದ ತಳವನ್ನೂ ಕಬ್ಬಿಣದ ಗಾಲಿಗಳನ್ನೂ ಕ್ಯಾಮರಾಕ್ಕೆ ತೋರಿಸುತ್ತ ಸುಟ್ಟುಹೋಯಿತು.

"ತೂಕಡಿಕೆ ಬಂತು," ಎಂದ ವಿಸ್ಟಿನ್ ಎಲ್ಲರಿಗೂ. ಸಿನಿಮಾ ಕಂಪನಿ ಗಂಟುಮೂಟೆ ಕಟ್ಟಿ ಬೇರೆ ದೇಶಕ್ಕೆ ಹೋಯಿತು. ಅಷ್ಟೂ ಜನ ಕೆಲಸ ಕಳೆದುಕೊಂಡರು. ಜಾನ್ನಿ ಬಸುರಿ ಹೆಂಡತಿಯನ್ನು ಬಿಟ್ಟು ಮೆಲ್ಬರ್ನಿಗೆ ದುಡಿಯಲು ಹೋದ. ಮರಳಿದಾಗ ಮಗ ಶಾಲೆಗೆ ಹೋಗುತ್ತಿದ್ದ, ಅಪ್ಪನ ಗುರುತಿರಲಿಲ್ಲ. ಊರು ವಿಸ್ಟಿನ್ನನಿಗೆ 'ನಿದ್ದೆಬುರುಕ' ಎಂದು ಹೆಸರಿಟ್ಟಿತು. ಬೇಕರಿಯ ಸಾಲಿನಲ್ಲಿ ಹೆಂಗಸರು ಹಾಗೆಂದು ಕಿಸಕ್ಕೆಂದಾಗ ನೆನಾಳೂ ಜೊತೆಗೆ ನಕ್ಕಿದ್ದಳು. ಒಂದು ಸಲವಲ್ಲ, ಎಷ್ಟೋ ಸಲ.

*

"ಎಲ್ಲಿಗಮ್ಮಾ?" ಎಂದು ಡೋರಿಸ್ ಕೇಳುತ್ತಿದ್ದಂತೆಯೇ ನೆನಾ ಮೆಟ್ಟಿಲಿಳಿದು ರಸ್ತೆ ದಾಟಿದ್ದಳು.

"ಜಾನ್ನಿ, ಅವರು ಅವತ್ತು ನಿದ್ದೆ ಮಾಡಿರ್ಲಿಲ್ಲ."

"ಈಗ್ಯಾಕೆ ಆ ಮಾತು ನೆನಾ? ಹೋದೋರು ಹೋದ್ರು."

"ಬೇಡ ಅಂದೋಳು ನಾನು. ಅದು ನಮ್ ಸಾಲ್ವು ಹಡಗು. ನೀನು ಮುಳುಗಿಸಿದ್ರೆ ಮನೆ ಬಿಡ್ತೀನಿ ಅಂತ ಅವರಿಗೆ ಅಂದೆ. ಅವರು ನನ್ ಹೆಸರು ಬಾಯಿಬಿಡ್ಲಿಲ್ಲ. ನಾನೂ ಬಾಯಿಬಿಡ್ಲಿಲ್ಲ. ಉಗಿಯೋದಿದ್ರೆ ನನ್ ಮುಖಕ್ಕೆ ಉಗೀರಿ, ಅವರನ್ನ ಮಾತ್ರ ಹೊತ್ಕೊಳ್ಳಿ."

ಜಾನ್ನಿ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ.

"ಆ ಹಡಗಲ್ಲಿ ನಮ್ ಚಿಕ್ಕಪ್ಪನೂ ಮುಳುಗಿಹೋದ ಕಣಮ್ಮಾ," ಎಂದು ಪಕ್ಕದವನ ಭುಜ ಮುಟ್ಟಿದ. "ಇವನ ಅಪ್ಪನೂ ಹೋದ. ಆ ತಂತಿ ಎಳೆಯೋವಾಗ ನಾನು ಕಣ್ಣು ಮುಚ್ಕೊಂಡಿದ್ದೆ. ಒಂದ್ ಮಾತು ಹೇಳಿದ್ರೆ... ಬೇರೆ ಹಡಗು ಮಾಡಿಸ್ರೀ ಅಂತ ನಾವೆಲ್ಲ ಕೈಕಟ್ಟಿ ಕೂತ್ಬಿಡ್ತಿದ್ವಲ್ಲ. ಯಾಕಮ್ಮಾ ಹೇಳ್ಲಿಲ್ಲ?"

ಹೆದರಿದ್ದೆ ಎನ್ನಬೇಕೆಂದುಕೊಂಡಳು. ಬದಲಿಗೆ ಮನೆಯ ಬಾಗಿಲ ಕಡೆ ಕೈ ತೋರಿಸಿದಳು.

ಜಾನ್ನಿ ಟೋಪಿ ತೆಗೆದು ಜೇಬಿಗೆ ತುರುಕಿಕೊಂಡು ರಸ್ತೆ ದಾಟಿದ. ಅವನ ಹಿಂದೆ ಐವರು ಬಂದರು, ನೆನಾಳೂ ಮೆಟ್ಟಿಲೇರಿದಳು.

"ಒಂದು, ಎರಡು, ಎತ್ತಿ!"

ಪೆಟ್ಟಿಗೆ ಆರು ಹೆಗಲ ಮೇಲೇರಿತು, ಆದರೆ ಬಾಗಿಲು ದಾಟಲಿಲ್ಲ. ಅದರ ಹಿತ್ತಾಳೆಯ ಹಿಡಿಯನ್ನು ನೆನಾ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ.

"ಬಿಡಮ್ಮಾ," ಎಂದು ಡೋರಿಸ್ ಅಳುತ್ತ ಅವಳ ಕೈ ಬಿಡಿಸಲು ಹೋದಳು.

"ಇರ್ಲಿ ಮಗಳೇ, ಎಳೀಬೇಡ," ಎಂದ ಜಾನ್ನಿ. ಭಾರ ಹೊತ್ತ ಆರೂ ಮುದುಕರು ಬಾಗಿಲ ಬಳಿ ಹಾಗೆಯೇ ನಿಂತರು, ಅವಳ ಬೆರಳುಗಳನ್ನೇ ನೋಡುತ್ತ.