ನನ್ನ ಬಾಯಿಯ ಬ್ಯಾಕ್ಟೀರಿಯಾ ಮತ್ತು ಕೆಮ್ಮಿನ ಮಾತ್ರೆ

ನಲವತ್ತು ವರ್ಷ ಊರವರಿಗೆಲ್ಲ ಹಲ್ಲು ಸೆಟ್ಟು ಮಾಡಿಕೊಟ್ಟವನು ನಾನು. ನನ್ನ ಬಾಯಿ ಮಾತ್ರ ಹಾಳುಬಿದ್ದ ಗೋಡೌನು. ಮುಚ್ಚಿಟ್ಟು ಏನಾಗಬೇಕು? ಆ ಹಾಳು ಬಾಯಿಯೇ ನನ್ನ ತಂಗಿಯ ಮಗಳಿಗೆ ಬೇಕಾಯಿತು. ಬಾಯೊಳಗಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹೇಗೆ ಎಳೆದುಕೊಳ್ಳುತ್ತದೆ ಅನ್ನುವುದು ಅವಳ ಸಂಶೋಧನೆ. ನನ್ನ ಹಲ್ಲಿನ ಪಾಚಿ ಕೆರೆದು ಒಯ್ದು, ಎರಡು ವರ್ಷ ಲ್ಯಾಬಿನಲ್ಲಿ ಮಕ್ಕಳ ಹಾಗೆ ಸಾಕಿದಳು.

"ಬ್ಯಾಕ್ಟೀರಿಯಾ ಮೈಗೆ ಒಂದು ಪೊರೆ ಇರತ್ತೆ ಮಾವ. ಸಕ್ಕರೆ ತಾನಾಗಿ ಒಳಗೆ ನುಗ್ಗಕ್ಕಾಗಲ್ಲ. ಪೊರೆಯಲ್ಲಿರೋ ಪ್ರೋಟೀನು ಅದನ್ನ ಹಿಡಿದು ಒಳಗೆ ಸಾಗಿಸಬೇಕು. ಬಾಗಿಲು ಅಂದ್ಕೊಳ್ಳಿ. ಆ ಪ್ರೋಟೀನೇ ಹುಟ್ಟದ ಹಾಗೆ ಮಾಡಿದೀನಿ. ಇನ್ನು ಸಕ್ಕರೆ ನೀರಲ್ಲಿ ಮುಳುಗಿಸಿಟ್ರೂ ಉಪವಾಸ."

ಉಪವಾಸ ಎಲ್ಲಿ ಬಂತು? ತಿಳಿಯಾಗಿರಬೇಕಿದ್ದ ಸಕ್ಕರೆ ನೀರಿನ ಟ್ಯೂಬು ಮೂರನೇ ದಿನಕ್ಕೆ ಬಗ್ಗಡವಾಯಿತು. ಒಳಗಿದ್ದವರು ನಿಧಾನವಾಗಿ ತಿಂದು ಬೆಳೆದಿದ್ದರು. "ಬೇರೆ ಯಾವ್ದೋ ಬ್ಯಾಕ್ಟೀರಿಯಾ ಬೆರೆಸ್ಕೊಂಡಿದೀಯ. ತಿಂಗಳೊಳಗೆ ಕಾರಣ ತೋರಿಸು, ಇಲ್ಲ ಎಲ್ಲಾ ಚೆಲ್ಲಿ ಮೊದಲಿಂದ ಶುರುಮಾಡು," ಅಂದರಂತೆ ಅವಳ ಗೈಡ್ ಮೇಡಂ.

ಸಂಜೆ ಬಂದು ನಮ್ಮ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಳು. ನನ್ನ ಹೆಂಡತಿಗೆ ತನ್ನದೇ ಚಿಂತೆ. ನನ್ನ ರಕ್ತದ ರಿಪೋರ್ಟನ್ನು ಹುಡುಗಿಯ ಮುಂದೆ ಹಿಡಿದಳು.

"ಸಕ್ಕರೆ ಡಬ್ಬಿಗೆ ಬೀಗ ಹಾಕಿದೀನಿ ಕಣೇ. ಆದ್ರೂ ಇವರ ಸಕ್ಕರೆ ಇಳೀತಿಲ್ಲ. ಗಾಳಿಯಲ್ಲಿ ಬರತ್ತಾ?"

"ವಯಸ್ಸು," ಅಂದೆ.

"ನಾಲಿಗೆಗೆ ಆಗಿಲ್ವಲ್ಲ ವಯಸ್ಸು," ಎಂದು ಅಡುಗೆಮನೆಗೆ ಹೋದಳು.

ಹುಡುಗಿ ಏನೋ ಬರೆದುಕೊಳ್ಳಲು ಪೆನ್ಸಿಲ್ ಹುಡುಕುತ್ತಾ ನನ್ನ ಹಳೆಯ ಕೆಲಸದ ಮೇಜಿನ ಡ್ರಾಯರ್ ಎಳೆದಳು. ಮೇಣ ಕೆರೆಯುವ ಚಾಕುವಿನ ಕೆಳಗೆ, ಚೀಪುವ ಕೆಮ್ಮಿನ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳು, ಹದಿನೈದಾದರೂ ಇದ್ದವು.

"ಮಾವ, ಯಾವಾಗಿಂದ ಕೆಮ್ಮು?"

"ಕೆಮ್ಮಿಲ್ಲ. ಕಿತ್ತಳೆ ರುಚಿ ಚೆನ್ನಾಗಿದೆ."

ನಗಲು ಶುರುಮಾಡಿದವಳು ಅರ್ಧಕ್ಕೇ ನಿಂತಳು.

"ಇದರಲ್ಲಿರೋದೂ ಸಕ್ಕರೆನೇ. ಅತ್ತೆ ಮುಚ್ಚಿದ್ದು ಒಂದೇ ಬಾಗಿಲು. ನಾನೂ ಅಷ್ಟೇ. ಬೇರೆ ಸಕ್ಕರೆಗೆ ಅಂತ ಇರೋ ಇನ್ನೊಂದು ಪ್ರೋಟೀನು ಇದನ್ನೂ ಚೂರುಚೂರೇ ಒಳಗೆ ಬಿಡ್ತಿರಬೇಕು. ನಿಮ್ಮ ಬಾಯಿಂದ ಬಂದಿದ್ದಲ್ವಾ ಮಾವ, ನಿಮ್ಮ ಬುದ್ಧಿ ಎಲ್ಲಿ ಬಿಡತ್ತೆ."

ಮೂರು ವಾರ ಒದ್ದಾಡಿ ಆ ಪ್ರೋಟೀನನ್ನೂ ತೆಗೆದಳು. ಏಳು ದಿನವಾದರೂ ಟ್ಯೂಬು ತಿಳಿನೀರು. ಮೇಡಂ ಒಪ್ಪಿದರು, ಎಲ್ಲರೆದುರು ಹೇಳು ಎಂದು ದಿನ ಗೊತ್ತುಮಾಡಿದರು. ಹಿಂದಿನ ದಿನ ಹುಡುಗಿಯ ಫೋನು.

"ಈ ಯೋಚನೆ ಹೇಗೆ ಬಂತು ಅಂತ ಕೇಳೇ ಕೇಳ್ತಾರೆ. ಅತ್ತೆ ಮುಂದಿನ ಸಾಲಲ್ಲೇ ಕೂತಿರ್ತಾರೆ. ಏನು ಹೇಳಲಿ?"

ಎರಡು ವರ್ಷದ ಕೆಲಸ ಅವಳದು. ನನ್ನದು ಕಿತ್ತಳೆ ರುಚಿ. "ಇದ್ದದ್ದು ಹೇಳು," ಅಂದೆ.

ಹೇಳಿದಳು. ಸಭೆಯೆಲ್ಲ ನಕ್ಕಿತು. ನನ್ನ ಹೆಂಡತಿ ನಗಲಿಲ್ಲ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಡ್ರಾಯರಿಗೆ ನಡೆದಳು. ಈಗ ಅದಕ್ಕೂ ಬೀಗ. ಮೆಡಿಕಲ್ ಶಾಪಿನವನಿಗೂ ಹೇಳಿಟ್ಟಿದ್ದಾಳೆ.

ಮೊನ್ನೆ ರಿಪೋರ್ಟು ಬಂತು. ಸಕ್ಕರೆ ಇಳಿದಿದೆ. ಹುಡುಗಿ ಫೋನಿನಲ್ಲಿ ಕೇಳಿದಳು, "ಟ್ಯೂಬು ತಿಳಿಯಾಯ್ತಾ ಅತ್ತೆ?"

"ಸದ್ಯಕ್ಕೆ ಆಗಿದೆ. ಮೂರನೇ ಬಾಗಿಲು ಹುಡುಕ್ತಾ ಇದೀನಿ," ಅಂದವಳು ನನ್ನ ಅಂಗಿಯ ಜೇಬನ್ನೇ ನೋಡುತ್ತಿದ್ದಳು.