ಒಂಟಿ ಆಳು

“ಏ ಸುಂದ್ರಿ, ನಿನ್ನ ಸೊಸಿಗಿ ಗದ್ದಿಗಿ ಇಳಿ ಅನ್ನು. ಬದುವಿನ ಮ್ಯಾಲ ನಿಂದ್ರಾಕ ಅಕಿ ಏನ್ ನಮ್ಮ ಬೀಗತಿ ಏನ? ಹಲ್ಕಟ್ ರಂಡೇರ!”

ಬಸವಲಿಂಗಗೌಡ ಕಾಲುವೆಯ ಏರಿಯಿಂದ ಉಗುಳಿದ. ಸುಂದ್ರಮ್ಮ ಸಸಿಯ ಕಟ್ಟು ಹಿಡಿದೇ ಕೈಮುಗಿದಳು.

“ನಸುಕಿನ್ಯಾಗಿಂದ ಸಸಿ ಹಚ್ಯಾಳ್ರಿ ಧಣಿ. ಹೊಟ್ಯಾಗಿನ ಕೂಸಿನ ಬೆನ್ನು ಸರಿ ಇಲ್ಲಂತ. ಯಾದಗಿರಿ ದವಾಖಾನಿಗಿ ಹೋಗಬೇಕ್ರಿ. ಅಕಿ ಪಾಲಿಂದೂ ನಾನ ಹಚ್ತೀನಿ.”

“ಒಂಟಿ ಆಳು ನನಗ ಬ್ಯಾಡ. ಇದ್ರ ಇಬ್ರೂ ಇರ್ರಿ, ಇಲ್ಲ ಇಬ್ರೂ ನಡೀರಿ.”

ಗೌಡ ನಾಟಿಗೆ ಹೆಂಗಸರನ್ನು ಜೋಡಿಯಾಗಿಯೇ ಹಿಡಿಯುತ್ತಿದ್ದ. ಒಬ್ಬಳು ಬಾರದಿದ್ದರೆ ಇನ್ನೊಬ್ಬಳಿಗೂ ಕೆಲಸವಿಲ್ಲ. ಎತ್ತಿನ ನೊಗವನ್ನೇ ಹೆಂಗಸರ ಹೆಗಲಿಗೂ ಹೂಡಿದ್ದ, ಅಷ್ಟೇ.

ನಿನ್ನೆ ಶಹಾಪುರದಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಕೂಸಿನ ಬೆನ್ನುಮೂಳೆ ಕೆಳಗೆ ಕೂಡಿಲ್ಲ, ನರ ಹೊರಬಂದಿದೆ, ಹುಟ್ಟಿದರೂ ನಡೆಯುವುದು ಕಷ್ಟ. ಬೇಗ ಗೊತ್ತಾಗಿದೆ, ದೊಡ್ಡ ಡಾಕ್ಟರಿಗೆ ತೋರಿಸಿ, ತಡಮಾಡಬೇಡಿ. ಕೂಸಿನ ಬೆನ್ನುಮೂಳೆ ಕೂಡಲೆಂದು ಬಸಿರಾಗುವ ಮೊದಲಿಂದಲೇ ಕೊಡುವ ಗುಳಿಗೆ ನುಂಗಿದ್ದಳೇ ಎಂದು ಕೇಳಿದಾಗ ಸೊಸೆಗಿಂತ ಮುಂಚೆ ಸುಂದ್ರಮ್ಮನೇ “ನುಂಗ್ಯಾಳ್ರಿ” ಅಂದುಬಿಟ್ಟಿದ್ದಳು.

ಹಸಿ ಸುಳ್ಳು. ಹಿಂದೊಮ್ಮೆ ಬಸಿರು ಇಳಿದುಹೋಗಿತ್ತೆಂದು, ಮುಂದಿನದಕ್ಕೆ ಮೊದಲೇ ನರ್ಸಮ್ಮ ಆ ಗುಳಿಗೆ ಕೊಟ್ಟಿದ್ದಳು. ಮೊದಲ ಗುಳಿಗೆಗೇ ಸೊಸೆ ಸುಮಂಗಲಾ ಕಾರಿಕೊಂಡು ಮಲಗಿದಳು, ಜೋಡಿ ಮುರಿಯಿತೆಂದು ಗೌಡ ಸುಂದ್ರಮ್ಮನನ್ನೂ ಗದ್ದೆಯಿಂದ ಅಟ್ಟಿದ. ಅಂದು ಸಂಜೆಯೇ ಸುಂದ್ರಮ್ಮ ಉಳಿದದ್ದನ್ನೆಲ್ಲ ಒಲೆಗೆ ಹಾಕಿ, “ನರ್ಸಮ್ಮ ಸಾಕಂದಾಳವ್ವ” ಎಂದು ಸೊಸೆಯನ್ನು ನಂಬಿಸಿದ್ದಳು.

“ನಿಮ್ಮಂಥ ಮಂದಿ ಹೊಟ್ಯಾಗ ಇನ್ನೆಂಥದ್ದು ಹುಟ್ತದ?” ಗೌಡ ನಕ್ಕ. “ಯಾವ ಜನ್ಮದ ಪಾಪನೋ!”

“ಯಾವ ಜನ್ಮದ್ದೂ ಅಲ್ಲ. ಈ ಜನ್ಮದ್ದ, ನಂದ!” ಸುಂದ್ರಮ್ಮ ಕಿರುಚಿದಳು. “ಅಕಿ ಗುಳಗಿ ಒಲಿಗಿ ಹಾಕಿದಾಕಿ ನಾನ. ನಿನ್ನ ಜೋಡಿ ಮುರೀಬಾರ್ದಂತ ಹಾಕಿದೆ!”

ಗದ್ದೆಯಲ್ಲಿ ಬಗ್ಗಿದ್ದವರೆಲ್ಲ ಎದ್ದು ನಿಂತರು. ಸುಮಂಗಲಾ ಅತ್ತೆಯನ್ನೇ ನೋಡಿದಳು.

“ನರ್ಸಮ್ಮ ಸಾಕಂದಾಳ ಅಂದಿದ್ದಿ, ಅತ್ತಿ.”

ಸುಂದ್ರಮ್ಮ ಸಸಿಯ ಕಟ್ಟು ಕೆಳಗೆ ಬಿಟ್ಟು ಸೊಸೆಯತ್ತ ಹೆಜ್ಜೆ ಹಾಕಿದಳು.

“ನನ್ನ ಹಿಂದ ಬರಬ್ಯಾಡ ನೀ.”

ಸುಮಂಗಲಾ ಕೆಸರುಗಾಲಲ್ಲೇ ರಸ್ತೆಯತ್ತ ನಡೆದಳು.

“ಮುರೀತಲ್ಲ ಜೋಡಿ? ನೀನೂ ಹೊಂಡು,” ಎಂದ ಗೌಡ.

ಸುಂದ್ರಮ್ಮ ಹೊರಡಲಿಲ್ಲ. ಬಗ್ಗಿ, ತಾವಿಬ್ಬರೂ ನೆಟ್ಟಿದ್ದ ಸಸಿಗಳನ್ನು ಹಿಡಿಹಿಡಿಯಾಗಿ ಕೀಳತೊಡಗಿದಳು. ತನ್ನ ಸಾಲು ಮುಗಿಸಿ ಸೊಸೆಯ ಸಾಲಿಗೂ ಕೈಹಾಕಿದಳು.

“ಏ, ನಿಮ್ಮವ್ನ, ಬಿಡ!” ಗೌಡ ಧೋತರ ಎತ್ತಿ ಕೆಸರಿಗಿಳಿದು ಅವಳ ತುರುಬು ಹಿಡಿದು ಜಗ್ಗಿದ. ಅವಳ ಕೈ ಕೀಳುತ್ತಲೇ ಇತ್ತು.