ಧಾರೆ ಎರೆದವರ ಸಹಿ

ಹೋಳಿಗೆ ಊಟ ಮುಗಿದು ಇನ್ನೂ ಕೈ ಒರೆಸಿಕೊಳ್ಳುತ್ತಿದ್ದಾಗಲೇ ಜಯಂತ ಟೈಪ್ ಮಾಡಿದ ಹಾಳೆಯೊಂದನ್ನು ನಾಗರಾಜರ ಮುಂದಿಟ್ಟ. "ಒಂದು ಸಹಿ ಹಾಕ್ಬಿಡಿ ಅಂಕಲ್. ನನ್ನ ಅಮೆರಿಕಾ ಸಂಬಳಕ್ಕೂ ಟ್ಯಾಕ್ಸ್ ಕೇಳ್ತಿದಾರೆ, ಕೆನಡಾ ಟ್ಯಾಕ್ಸ್‌ನವರಿಗೆ ಕಳಿಸ್ಬೇಕು."

ನಾಗರಾಜರು ಕನ್ನಡಕ ಏರಿಸಿ ಓದಿದರು. ಜಯಂತ, ಮಧುರಾ ಇಬ್ಬರ ದಾಂಪತ್ಯ ಮುರಿದುಬಿದ್ದು ಎರಡು ವರ್ಷವಾಯಿತು, ಇದನ್ನು ನಾನು ಖುದ್ದಾಗಿ ಬಲ್ಲೆ ಎಂದು ಅವರ ಹೆಸರಿನಲ್ಲಿ ಬರೆದಿತ್ತು.

ಬೆಳಿಗ್ಗೆ ತಾನೇ ಹ್ಯೂಸ್ಟನ್ ಹತ್ತಿರದ ಪೇರ್ಲ್ಯಾಂಡಿನ ಮೀನಾಕ್ಷಿ ಗುಡಿಯಲ್ಲಿ ಈ ಗಂಡ ಹೆಂಡತಿ ಮದುವೆಯ ವಾರ್ಷಿಕೋತ್ಸವದ ಅರ್ಚನೆ ಮಾಡಿಸಿಕೊಂಡು ನಾಗರಾಜರ ಮನೆಗೆ ಊಟಕ್ಕೆ ಬಂದಿದ್ದರು. ಅರ್ಚಕರು "ಧರ್ಮಪತ್ನೀ ಸಮೇತಸ್ಯ" ಎಂದಾಗ ಈ ಮಹಾಶಯ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ. ಥೂ, ಇವನ ಭಕ್ತಿಗಿಷ್ಟು!

ಮಧುರಾಗೆ ಅಪ್ಪ ಇರಲಿಲ್ಲ. ಆಗ ಕೆನಡಾದ ಕ್ಯಾಲ್ಗರಿಯಲ್ಲಿ ಅವಳ ಪಕ್ಕದ ಮನೆಯಲ್ಲಿದ್ದ ನಾಗರಾಜ್, ಶಾರದಾ ದಂಪತಿಯೇ ಮೈಸೂರಿಗೆ ಹೋಗಿ, ತಂದೆತಾಯಿಯ ಜಾಗದಲ್ಲಿ ನಿಂತು ಅವಳನ್ನು ಧಾರೆ ಎರೆದುಕೊಟ್ಟಿದ್ದರು. ಆಮೇಲೆ ಆ ದಂಪತಿ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿಗೆ ಬಂದು ನೆಲೆಸಿದರು. ಎರಡು ವರ್ಷದ ಹಿಂದೆ ಜಯಂತನೂ ಹ್ಯೂಸ್ಟನ್‌ನಲ್ಲಿ ಕೆಲಸ ಹಿಡಿದ. ಆಸ್ಪತ್ರೆಯ ಕೆಲಸ, ಮಗಳ ಸ್ಕೂಲು ಬಿಡಲಾಗದೆ ಮಧುರಾ ಕ್ಯಾಲ್ಗರಿಯಲ್ಲೇ ಉಳಿದಳು. ರಜೆ ಸಿಕ್ಕಾಗಲೆಲ್ಲ ಮಗಳನ್ನು ಕಟ್ಟಿಕೊಂಡು ಗಂಡನ ಹತ್ತಿರ ಓಡಿ ಬರುತ್ತಿದ್ದಳು. ಈ ಸಲ ಬೆಳಿಗ್ಗೆ ವಿಮಾನ ಇಳಿದು ನೇರ ಗುಡಿಗೇ ಬಂದಿದ್ದಳು; ಊಟ ಮುಗಿಸಿದ ಮಗಳು ಒಳಕೋಣೆಯಲ್ಲಿ ಮಲಗಿದ್ದಳು.

"ಹೆಂಡ್ತಿ, ಮನೆ ಎರಡೂ ಅಲ್ಲಿದ್ರೆ ಟ್ಯಾಕ್ಸ್‌ನವರಿಗೆ ನೀನು ಅಲ್ಲಿಯವನೇ ಕಣಯ್ಯಾ," ಎಂದರು ನಾಗರಾಜರು. "ಇಲ್ಲಿನ ಸಂಬಳಾನೂ ಅಲ್ಲಿ ತೋರಿಸು. ಇಲ್ಲಿ ಕಟ್ಟಿದ್ದನ್ನ ಕಳೀತಾರೆ, ಮಿಕ್ಕಿದ್ದು ಕಟ್ಟು. ಅದು ಬೇಡ ಅಂದ್ರೆ ಸಂಸಾರಾನ ಇಲ್ಲಿಗೇ ಕರ್ಕೊಂಡು ಬಾ. ನಾವು ಬರೋವಾಗ ಮನೆ ಮಾರಿದ್ವಿ, ಹೆಲ್ತ್ ಕಾರ್ಡ್ ಕ್ಯಾನ್ಸಲ್ ಮಾಡಿಸಿದ್ವಿ, ಕೊನೇ ರಿಟರ್ನ್‌ನಲ್ಲಿ ದೇಶ ಬಿಟ್ಟ ತಾರೀಖು ಬರೆದ್ವಿ. ಮುಗೀತು."

"ಅಯ್ಯೋ, ಅಷ್ಟೆಲ್ಲ ಯಾಕೆ ಅಂಕಲ್? ಮೋಹನರಾಜ ಟಿಪ್ ಕೊಟ್ಟಿದಾನೆ. ಬೇರೆ ಆಗಿದೀವಿ ಅಂದ್ಬಿಟ್ರೆ ಹೆಂಡ್ತಿ ಲೆಕ್ಕಕ್ಕೇ ಬರಲ್ವಂತೆ. ಸಂಬಂಧಿಕರು ಬರೆದುಕೊಟ್ರೆ ಅವರು ನಂಬಲ್ಲ. ಪೇಪರ್ ಪ್ರಕಾರ ನೀವು ನಮಗೇನೂ ಆಗಲ್ವಲ್ಲ, ಅದಕ್ಕೇ ನೀವೇ ಬೆಸ್ಟ್."

ಮೋಹನರಾಜನೆಂದರೆ ಹಿಲ್‌ಕ್ರಾಫ್ಟ್ ರಸ್ತೆಯ ಚಾಟ್ ಅಂಗಡಿಯಲ್ಲಿ ಕೂತು, ಪಾನಿಪುರಿ ಬಾಯಿಗೆ ತುರುಕಿಕೊಳ್ಳುತ್ತಾ ಊರಿಗೆಲ್ಲ ಟ್ಯಾಕ್ಸ್ ಉಪದೇಶ ಮಾಡುವ ಆಸಾಮಿ. ನಾಗರಾಜರಿಗೆ ಅವನ ಮೇಲೆ ಅಷ್ಟೇನೂ ಸಿಟ್ಟು ಬರಲಿಲ್ಲ. ನಮಗೇನೂ ಆಗಲ್ವಲ್ಲ ಎಂದು ಹಲ್ಲು ಕಿರಿದವನನ್ನು ನೋಡಿ ಅಸಹ್ಯವಾಯಿತು.

"ಮಧುರಾಗೆ ಗೊತ್ತೇನೋ ಇದು?"

ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ ಮಧುರಾ ಬಂದು ಹಾಳೆ ಎತ್ತಿಕೊಂಡು ಓದಿದಳು.

"ಟ್ಯಾಕ್ಸ್‌ನವರಿಗೆ ಆಗ್ಲೇ ಹೀಗಂತ ಬರೆದಿದೀಯಾ?"

"ಹೋದ ತಿಂಗಳೇ. ನಿಂಗೆ ಹೇಳಿದ್ರೆ ಸುಮ್ನೆ ತಲೆ ಕೆಡಿಸ್ಕೋತೀಯ ಅಂತ ಹೇಳ್ಲಿಲ್ಲ. ಬರೀ ಪೇಪರ್ ಮೇಲೆ ಕಣೇ! ಫೋನ್ ಮಾಡಿ ಕೇಳಿದ್ರೆ ನೀನೂ ಹೌದು ಅನ್ನು. ಬೇಕಾದ್ರೆ ಹೊಡೀತಿದ್ದ ಅಂತಾನೂ ಹೇಳು, ಇನ್ನೂ ಗಟ್ಟಿಯಾಗುತ್ತೆ ಕೇಸು."

ಇಷ್ಟು ಹೇಳಿ ಲೋಟ ತೆಗೆದುಕೊಂಡು ಕಾಫಿ ಹೀರಿದ. ನಾಗರಾಜರಿಗೆ ಮೈಯೆಲ್ಲ ಉರಿದುಹೋಯಿತು. ಇಂಥವನ ಕಾಲು ತೊಳೆದು ಹೆಣ್ಣು ಕೊಟ್ಟೆನಲ್ಲ ಎಂದು ತಮ್ಮ ಕೈಯನ್ನೇ ಕಂಡು ಹೇಸಿಗೆಪಟ್ಟರು.

"ಧಾರೆ ಎರೆದ ಕೈ ಕಣೋ ಇದು. ಈ ಹೊಲಸಿಗೆ ನಾನು ಸಹಿ ಹಾಕಲ್ಲ. ಎದ್ದೇಳು ಮೊದ್ಲು."

"ಸೆಂಟಿಮೆಂಟ್ ಬಿಡಿ ಅಂಕಲ್..."

ಅಷ್ಟರಲ್ಲಿ ಮಧುರಾ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟು, ಖಾಲಿ ಕಾಗದವೊಂದನ್ನು ನಾಗರಾಜರ ಮುಂದೆ ಸರಿಸಿ ಪೆನ್ನು ಕೊಟ್ಟಳು.

"ನೀವು ಸುಳ್ಳು ಬರೆಯೋದು ಬೇಡ ಅಂಕಲ್. ನಾವು ಬೇರೆ ಆಗಿದೀವಿ ಅಂತ ನಿಮ್ಮ ಕೈಯಲ್ಲೇ ಬರೀರಿ. ತಾರೀಖು ಇವತ್ತಿಂದು ಹಾಕಿ."

ಜಯಂತ ನಕ್ಕ. ಬೇರಾರೂ ನಗಲಿಲ್ಲ. ಶಾರದಾ ಹೋಗಿ ಮಧುರಾಳ ಬೆನ್ನಿನ ಮೇಲೆ ಕೈಯಿಟ್ಟು ನಿಂತರು.

"ಕಾರ್ ಕೀ ಕೊಡು," ಎಂದಳು ಮಧುರಾ ಗಂಡನಿಗೆ. "ನಂದೂ ಮಗಳದ್ದೂ ಸೂಟ್‌ಕೇಸ್ ಡಿಕ್ಕೀಲಿದೆ, ಇಲ್ಲೇ ಇಳಿಸ್ಕೋತೀನಿ."